ಟೈಪಿನೊಳಗೆ ಸಂಖ್ಯೆ: ರಸ್ಟ್ ಕಂಪೈಲರಿನಲ್ಲಿ ಸ್ಥಿರ ಜೆನೆರಿಕ್ ಪ್ಯಾರಾಮೀಟರುಗಳ ಇತಿಹಾಸ

ನಾಲ್ಕು ಅಂಶಗಳ ಅರೇ, ಐದು ಅಂಶಗಳ ಅರೇ ಇವೆರಡೂ ಒಂದೇ ಟೈಪೋ, ಬೇರೆ ಬೇರೆಯೋ? ಪ್ರೋಗ್ರಾಮಿಂಗ್ ಭಾಷೆಗಳನ್ನು ಈ ಪ್ರಶ್ನೆ ಅರ್ಧ ಶತಮಾನದಿಂದ ಕಾಡಿದೆ. ರಸ್ಟ್ ಭಾಷೆ ಇದಕ್ಕೆ ಕಂಡುಕೊಂಡ ಉತ್ತರ ‘ಕಾನ್ಸ್ಟ್ ಜೆನೆರಿಕ್ಸ್’, ಅಂದರೆ ಟೈಪಿಗೆ ಸಂಖ್ಯೆಯನ್ನೇ ಪ್ಯಾರಾಮೀಟರಾಗಿ ಕೊಡುವ ಸೌಲಭ್ಯ. ರಸ್ಟ್ 1.0 ಹೊರಬಂದದ್ದು 2015ರ ಮೇ ತಿಂಗಳಲ್ಲಿ. ಈ ಸೌಲಭ್ಯ ಸ್ಥಿರ ಆವೃತ್ತಿಗೆ ಬಂದದ್ದು 2021ರ ಮಾರ್ಚ್‌ನಲ್ಲಿ, 1.51ರೊಂದಿಗೆ. ಇಷ್ಟು ವರ್ಷಗಳ ವಿಳಂಬಕ್ಕೆ ಮುಖ್ಯ ಕಾರಣ ಸಮತೆಯ ಪ್ರಶ್ನೆ ಎಂಬುದು ಈ ಲೇಖನದ ವಾದ. ಬೆಲೆ ಇನ್ನೂ ಗೊತ್ತಿಲ್ಲದ ಎರಡು ಸಂಖ್ಯೆಗಳು ಸಮವೆಂದು ಕಂಪೈಲರ್ ಯಾವ ಆಧಾರದ ಮೇಲೆ ಹೇಳಬೇಕು?

1. ಹಿನ್ನೆಲೆ

ನಿಕ್ಲಾಸ್ ವಿರ್ತ್ 1970ರಲ್ಲಿ ಪ್ರಕಟಿಸಿದ ಪ್ಯಾಸ್ಕಲ್‌ನಲ್ಲಿ ಅರೇಯ ಗಾತ್ರ ಟೈಪಿನ ಭಾಗವಾಗಿತ್ತು. ಹತ್ತು ಸಂಖ್ಯೆಗಳನ್ನು ವಿಂಗಡಿಸಲು ಬರೆದ ಪ್ರೊಸೀಜರ್ ಇಪ್ಪತ್ತು ಸಂಖ್ಯೆಗಳ ಅರೇಗೆ ಒದಗುತ್ತಿರಲಿಲ್ಲ. ಬ್ರಯನ್ ಕರ್ನಿಹಾನ್ 1981ರಲ್ಲಿ ಪ್ಯಾಸ್ಕಲ್ ಕುರಿತು ಬರೆದ ವಿಮರ್ಶೆಯಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿದರು. ಸಿ ಭಾಷೆ ಹಿಡಿದದ್ದು ಇದಕ್ಕೆ ತದ್ವಿರುದ್ಧವಾದ ದಾರಿ. ಅಲ್ಲಿ ಫಂಕ್ಷನ್ನಿಗೆ ಕಳಿಸಿದ ಅರೇ ಬರಿಯ ಪಾಯಿಂಟರ್ ಆಗುತ್ತದೆ, ಉದ್ದದ ಮಾಹಿತಿ ಅಲ್ಲಿಗೇ ಕಳೆದುಹೋಗುತ್ತದೆ. ಏಡಾ 83ರ ಜೆನೆರಿಕ್ ಘಟಕಗಳೂ ಸಿ++ ಟೆಂಪ್ಲೇಟುಗಳೂ ಸಂಖ್ಯೆಯನ್ನು ಪ್ಯಾರಾಮೀಟರಾಗಿ ಒಪ್ಪಿಕೊಂಡವು. ಸಿ++ನಲ್ಲಿ ಇದಕ್ಕೆ ಎಷ್ಟು ಬಲವಿತ್ತೆಂದರೆ, 1994ರಲ್ಲಿ ಎರ್ವಿನ್ ಉನ್ರೂ ಎಂಬವರು ಸಿ++ ಸಮಿತಿಯ ಮುಂದಿಟ್ಟ ಒಂದು ಪ್ರೋಗ್ರಾಂ ಕಂಪೈಲ್ ಆಗದೆಯೇ, ತನ್ನ ದೋಷಸಂದೇಶಗಳ ಮೂಲಕ ಅವಿಭಾಜ್ಯ ಸಂಖ್ಯೆಗಳನ್ನು ತೋರಿಸಿತು.

2. ಮೂವತ್ತೆರಡರ ಗೆರೆ

ರಸ್ಟ್ 1.0ರಲ್ಲಿ ಅರೇಯ ಟೈಪಿಗೆ ತನ್ನ ಉದ್ದ ಗೊತ್ತಿತ್ತು. ಆದರೆ ‘ಉದ್ದ ಎಷ್ಟೇ ಇರಲಿ’ ಎಂದು ಬರೆಯುವ ವಿಧಾನ ಇರಲಿಲ್ಲ. ಹಾಗಾಗಿ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಸೊನ್ನೆಯಿಂದ 32ರವರೆಗಿನ ಒಂದೊಂದು ಉದ್ದಕ್ಕೂ ಮ್ಯಾಕ್ರೋ ಮೂಲಕ ಪ್ರತ್ಯೇಕ ಕೋಡ್ ಹುಟ್ಟಿಸಲಾಗುತ್ತಿತ್ತು. ಪರಿಣಾಮವಾಗಿ, 32 ಅಂಶಗಳ ಅರೇಯನ್ನು ಡೀಬಗ್ ರೂಪದಲ್ಲಿ ಮುದ್ರಿಸಬಹುದಿತ್ತು. 33 ಅಂಶಗಳಿದ್ದರೆ ಕಂಪೈಲರ್ ನಿರಾಕರಿಸುತ್ತಿತ್ತು. ‘ಟೈಪ್‌ನಮ್’ ಲೈಬ್ರರಿ ದ್ವಿಮಾನ ಅಂಕೆಗಳನ್ನೇ ಟೈಪುಗಳನ್ನಾಗಿಸಿ, ಒಂದರೊಳಗೊಂದು ಹೆಣೆದು ಸಂಖ್ಯೆ ಕಟ್ಟುವ ಉಪಾಯ ಹೂಡಿತು. ಕೆಲಸವೇನೋ ನಡೆಯುತ್ತಿತ್ತು, ಆದರೆ ಟೈಪುಗಳ ಹೆಸರು ಉದ್ದುದ್ದವಾಗಿ ದೋಷಸಂದೇಶಗಳನ್ನು ಓದುವುದೇ ಕಷ್ಟವಾಯಿತು.

ಕಾನ್ಸ್ಟ್ ಜೆನೆರಿಕ್ಸ್‌ನ ವಿನ್ಯಾಸ ಪ್ರಸ್ತಾವವಾದ ಆರ್‌ಎಫ್‌ಸಿ 2000 ಬಂದದ್ದು 2017ರಲ್ಲಿ. 2020ರ ಅಕ್ಟೋಬರಿನ 1.47ರಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿ ಇದನ್ನು ಒಳಗೊಳಗೇ ಬಳಸಿಕೊಂಡು ಬಹುತೇಕ ಟ್ರೇಟುಗಳಿಗೆ (ಟೈಪೊಂದು ಒದಗಿಸಬೇಕಾದ ವರ್ತನೆಗಳ ಗುಂಪುಗಳಿಗೆ) ಇದ್ದ 32ರ ಮಿತಿಯನ್ನು ತೆಗೆದುಹಾಕಿತು. ‘ಡಿಫಾಲ್ಟ್’ ಟ್ರೇಟಿನಲ್ಲಿ ಮಾತ್ರ ಮಿತಿ ಉಳಿಯಿತು. ಸೊನ್ನೆ ಉದ್ದದ ಅರೇಗೆ ಅಂಶದ ಡಿಫಾಲ್ಟ್ ಬೆಲೆ ಬೇಕಿಲ್ಲ, ಉಳಿದ ಉದ್ದಗಳಿಗೆ ಬೇಕು. ‘ಉದ್ದ ಎನ್ ಸೊನ್ನೆಯಾದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂಬ ಭೇದವನ್ನು ಸ್ಥಿರ ಭಾಷೆಯಲ್ಲಿ ಹೇಳುವಂತಿರಲಿಲ್ಲ.

3. ಕಂಪೈಲರಿನ ಒಳಗೆ

‘ಎನ್ ಉದ್ದದ ಪೂರ್ಣಾಂಕಗಳ ಅರೇ ಕೊಟ್ಟರೆ ಮೊತ್ತ ಹೇಳು’ ಎಂಬ ಫಂಕ್ಷನ್ ಇದೆಯೆನ್ನೋಣ. ಅದರ ವ್ಯಾಖ್ಯೆಯನ್ನು ಪರಿಶೀಲಿಸುವಾಗ ಕಂಪೈಲರಿಗೆ ಎನ್ ಬೆಲೆಯಿಲ್ಲದ ಒಂದು ಹೆಸರು ಮಾತ್ರ. ಫಂಕ್ಷನ್ನಿನ ಒಡಲನ್ನು ಎಲ್ಲ ಎನ್‌ಗಳಿಗೂ ಸೇರಿಸಿ ಒಮ್ಮೆ ತಪಾಸಣೆ ಮಾಡಲಾಗುತ್ತದೆ. ನಾಲ್ಕು ಅಂಶಗಳ ಅರೇ ಕೊಟ್ಟು ಕರೆದಾಗ ಕಂಪೈಲರ್ ಎನ್‌ನ ಜಾಗದಲ್ಲಿ ಒಂದು ಅಜ್ಞಾತವನ್ನಿಟ್ಟು, ಎರಡು ಟೈಪುಗಳನ್ನು ಹೊಂದಿಸಿ, ಅದು 4 ಎಂದು ತೀರ್ಮಾನಿಸುತ್ತದೆ. ಕೊನೆಯ ಹಂತ ಮಾನೋಮಾರ್ಫೈಸೇಶನ್. ಇಲ್ಲಿ 4ಕ್ಕೊಂದು, 8ಕ್ಕೊಂದು ಎಂಬಂತೆ ಫಂಕ್ಷನ್ನಿನ ಪ್ರತ್ಯೇಕ ಪ್ರತಿಗಳು ತಯಾರಾಗುತ್ತವೆ. ಉದ್ದ ಆಗಲೇ ಗೊತ್ತಿರುವುದರಿಂದ, ಯಂತ್ರಸಂಕೇತ ತಯಾರಿಸುವ ಎಲ್‌ಎಲ್‌ವಿಎಂ ಲೂಪನ್ನು ಬಿಡಿಸಿ ಬರೆಯಬಲ್ಲದು.

ಸ್ಥಿರ ಬೆಲೆಗಳನ್ನು ಲೆಕ್ಕ ಹಾಕುವ ‘ಮಿರಿ’ ಇಂಟರ್‌ಪ್ರಿಟರ್ 2018ರಲ್ಲಿ ಕಂಪೈಲರಿಗೆ ಸೇರಿಕೊಂಡಿತು. ಟೈಪಿನ ಮಟ್ಟದಲ್ಲಿ ಬೆಲೆಗಳು ‘ವ್ಯಾಲ್‌ಟ್ರೀ’ ಎಂಬ ಮರದ ರೂಪದಲ್ಲಿರುತ್ತವೆ. ಎರಡು ಮರಗಳ ರಚನೆ ಒಂದೇ ಆಗಿದ್ದರೆ ಬೆಲೆಗಳೂ ಸಮ. 1.51ರಲ್ಲಿ ಪೂರ್ಣಾಂಕ, ಬೂಲಿಯನ್ ಮತ್ತು ಅಕ್ಷರಗಳಿಗೆ ಮಾತ್ರ ಅವಕಾಶ ಸಿಕ್ಕಿತು. ದಶಮಾಂಶ ಸಂಖ್ಯೆಗಳ ವಿಷಯ ಜಟಿಲ. ಅಲ್ಲಿ ‘ಸಂಖ್ಯೆಯಲ್ಲ’ ಎಂದು ಸೂಚಿಸುವ ‘ನ್ಯಾನ್’ ತನಗೆ ತಾನೇ ಸಮನಲ್ಲ. ಧನ ಸೊನ್ನೆ, ಋಣ ಸೊನ್ನೆಗಳು ಬಿಟ್‌ಗಳಲ್ಲಿ ಬೇರೆಯಾಗಿದ್ದರೂ ಹೋಲಿಸಿದಾಗ ಸಮ.

4. ಸಮತೆಯ ತೊಡಕು

ಒಂದು ಫಂಕ್ಷನ್ ‘ಎನ್ + 1’ ಉದ್ದದ ಅರೇ ಹಿಂದಿರುಗಿಸುತ್ತದೆ, ಇನ್ನೊಂದು ‘1 + ಎನ್’ ಉದ್ದದ್ದನ್ನು ಕೇಳುತ್ತದೆ. ಶಾಲೆಯ ಹುಡುಗನೂ ಇವು ಒಂದೇ ಎನ್ನುತ್ತಾನೆ. ಕಂಪೈಲರಿಗೆ ಇವು ಬೆಲೆ ಕಟ್ಟಲಾಗದ ಎರಡು ಸೂತ್ರಗಳು. ಕೂಡುವ ನಿಯಮವನ್ನು ಕಲಿಸಿದರೂ, ಯಾವುದೇ ಎರಡು ಲೆಕ್ಕಾಚಾರಗಳು ಸಮವೇ ಎಂದು ಎಲ್ಲ ಸಂದರ್ಭಗಳಲ್ಲೂ ನಿರ್ಧರಿಸಬಲ್ಲ ವಿಧಾನ ಇರಲು ಸಾಧ್ಯವಿಲ್ಲ. ‘ಎನ್ – 1’ ಇನ್ನೊಂದು ತೊಡಕು. ಎನ್ ಸೊನ್ನೆಯಾದ ದಿನ ಲೈಬ್ರರಿ ಬರೆದವರ ತಪ್ಪು ಅದನ್ನು ಬಳಸಿದವರ ಕೋಡಿನಲ್ಲಿ ಸ್ಫೋಟಿಸುತ್ತದೆ. ಸಿ++ ಟೆಂಪ್ಲೇಟುಗಳಲ್ಲಿ ನಿಜವಾದ ಸಂಖ್ಯೆ ಕೈಗೆ ಬಂದ ಮೇಲೆ ಮತ್ತೆ ತಪಾಸಣೆ ನಡೆಯುವುದರಿಂದ ಇಂಥ ದೋಷಗಳು ಹೊರಬೀಳುವುದು ಬಳಕೆಯ ಹಂತದಲ್ಲಿ. ಜೆನೆರಿಕ್ ಕೋಡಿನ ಟೈಪ್ ದೋಷಗಳನ್ನು ವ್ಯಾಖ್ಯೆಯಲ್ಲೇ ಹಿಡಿಯಬೇಕೆಂಬುದು ರಸ್ಟ್‌ನ ನಿಲುವು. ಆದ್ದರಿಂದ 1.51 ಒಂದು ಕಟ್ಟುನಿಟ್ಟಿನ ಗೆರೆ ಎಳೆಯಿತು. ಎನ್ ಅನ್ನು ಇದ್ದಂತೆಯೇ ಬಳಸಬಹುದು, ಟೈಪಿನೊಳಗೆ ಅದರ ಮೇಲೆ ಗಣಿತ ನಡೆಸುವಂತಿಲ್ಲ.

5. ಉಪಸಂಹಾರ

2022ರ 1.59 ಈ ಪ್ಯಾರಾಮೀಟರುಗಳಿಗೆ ಡಿಫಾಲ್ಟ್ ಬೆಲೆ ಕೊಡುವ ಅವಕಾಶ ತಂದಿತು. 2025ರ 1.89ರಿಂದ, ಬೆಲೆಯ ಜಾಗದಲ್ಲಿ ಅಡಿಗೆರೆ ಹಾಕಿ ಅದನ್ನು ಊಹಿಸುವ ಕೆಲಸವನ್ನು ಕಂಪೈಲರಿಗೇ ಬಿಡಬಹುದು. ಆದರೆ ಈ ಆವೃತ್ತಿಗಳಲ್ಲಿ ಯಾವುದೂ ಟೈಪಿನೊಳಗಿನ ಗಣಿತವನ್ನು ಸ್ಥಿರ ಭಾಷೆಗೆ ತರಲಿಲ್ಲ. ಹಾಗಿದ್ದೂ ಕಡಿಮೆ ಮೆಮೊರಿಯ ಮೈಕ್ರೋಕಂಟ್ರೋಲರುಗಳಿಗೆ ಪ್ರೋಗ್ರಾಂ ಬರೆಯುವವರು ಹೀಪ್ ಮುಟ್ಟದೆ, ಗರಿಷ್ಠ ಗಾತ್ರವನ್ನು ಟೈಪಿನಲ್ಲೇ ಹೇಳುವ ಪಟ್ಟಿ ಮತ್ತು ಸರದಿಗಳನ್ನು ಕಟ್ಟಲು ಬರಿಯ ಎನ್ ಸಾಕಾಗುತ್ತದೆ. ಸಮತೆಯನ್ನು ಖಚಿತವಾಗಿ ಹೇಳಬಲ್ಲಷ್ಟನ್ನು ಮೊದಲು ಕೊಟ್ಟು, ಉಳಿದದ್ದನ್ನು ತಡೆಹಿಡಿದ ಈ ನಿರ್ಧಾರ ಭಾಷಾ ವಿನ್ಯಾಸಕ್ಕೆ ಒಂದು ಒಳ್ಳೆಯ ಮಾದರಿ. ಟೈಪಿನೊಳಗಿನ ಗಣಿತ ಮುಂದೆ ಬಂದಾಗ ಅದನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು: ಲೈಬ್ರರಿ ಬರೆದವರು ಎಸಗಿದ ತಪ್ಪು ಬರೆದವರ ಮೇಜಿನ ಮೇಲೆಯೇ ಸಿಕ್ಕಿಬೀಳುತ್ತದೆಯೇ?