ಆಸನಚಿತ್ರದ ಅಡಿಬರಹ: ಮೈಸೂರಿನ ಪರಂಪರೆ

ಯೋಗಾಸನದ ಚಿತ್ರಕ್ಕೆ ಬರಹವನ್ನು ಜೋಡಿಸುವ ಪದ್ಧತಿಯ ಚರಿತ್ರೆಯಲ್ಲಿ ಮೈಸೂರಿಗೆ ವಿಶೇಷ ಸ್ಥಾನವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿದ್ದು, ಕೈಕಾಲುಗಳನ್ನು ಇರಿಸುವ ಬಗೆಯನ್ನು ತಿಳಿಸುವ ಕಿರಿದಾದ ಸಂಸ್ಕೃತ ವಿವರಣೆಗಳು ಅವುಗಳೊಡನೆ ಇವೆ. ಅದಕ್ಕೂ ಹಿಂದಿನ ‘ಹಠಯೋಗಪ್ರದೀಪಿಕೆ’ಯ ಶ್ಲೋಕಗಳು ಇಡೀ ಭಂಗಿಯನ್ನು ಮಾತಿನಲ್ಲೇ ಕಟ್ಟಿಕೊಡಬೇಕಾಗಿತ್ತು, ಚಿತ್ರ ಬಂದ ಮೇಲೆ ಆ ಹೊರೆ ಇಳಿದು, ಬರಹವು ಇನ್ನೇನನ್ನು ಹೇಳಬೇಕೆಂಬ ಪ್ರಶ್ನೆ ಉಳಿಯಿತು.

ಅದಕ್ಕೆ ಸಮರ್ಪಕವಾದ ಉತ್ತರ ದೊರೆತದ್ದು ತಿರುಮಲೈ ಕೃಷ್ಣಮಾಚಾರ್ಯರಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆಯಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸುತ್ತಿದ್ದ ಅವರು, 1934ರಲ್ಲಿ ಕನ್ನಡದಲ್ಲೇ ‘ಯೋಗಮಕರಂದ’ವನ್ನು ಹೊರತಂದಾಗ, ಛಾಯಾಚಿತ್ರಕ್ಕೆ ನಿಲುಕದ್ದನ್ನು ಬರಹಕ್ಕೆ ವಹಿಸಿದರು. ಉಸಿರಿಗೆ ಹೊಂದಿಸಿದ ಚಲನೆಯ ಒಂದೊಂದು ಹಂತಕ್ಕೆ ವಿನ್ಯಾಸವೆಂದು ಹೆಸರು. ಉಸಿರನ್ನು ಒಳಗೆಳೆಯುವುದು ಪೂರಕ, ಹೊರಬಿಡುವುದು ರೇಚಕ. ಪಶ್ಚಿಮೋತ್ತಾನಾಸನದ ಚಿತ್ರದಲ್ಲಿ ಮುಂದಕ್ಕೆ ಬಾಗಿದ ದೇಹವಷ್ಟೇ ಕಾಣುತ್ತದೆ. ಆ ಸ್ಥಿತಿಗೆ ತಲುಪಿ ಮತ್ತೆ ಸಮಸ್ಥಿತಿಗೆ, ಅಂದರೆ ನೇರವಾಗಿ ನಿಲ್ಲುವ ಆರಂಭದ ನಿಲುವಿಗೆ, ಮರಳಲು 16 ವಿನ್ಯಾಸಗಳಿವೆಯೆಂಬುದನ್ನು ಬರಹವೇ ಹೇಳಬೇಕು. ಈ ಪರಂಪರೆಯ ನಿಜವಾದ ಸಾಧನೆ ಇದೇ.

ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ ಕೃಷ್ಣಮಾಚಾರ್ಯರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ ಅವರು 1966ರ ‘ಲೈಟ್ ಆನ್ ಯೋಗ’ದಲ್ಲಿ ಸುಮಾರು 600 ಛಾಯಾಚಿತ್ರಗಳನ್ನು ಕೊಟ್ಟು, ಆಸನದ ಹೆಸರಿನ ಮುಂದೆಯೇ ಅದರ ಕಾಠಿಣ್ಯವನ್ನು 1ರಿಂದ 60ರವರೆಗಿನ ಅಂಕಿಯಲ್ಲಿ ಸೂಚಿಸಿದರು. ರಕ್ತದೊತ್ತಡ ಹೆಚ್ಚಿರುವವರು ತಲೆಕೆಳಗಾಗುವ ಆಸನಗಳಿಗೆ ಮೊದಲು ಯಾವುದನ್ನು ಅಭ್ಯಾಸ ಮಾಡಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅಂಥ ಎಚ್ಚರಿಕೆಯನ್ನು ತಾನಾಗಿ ಕೊಡಲಾರದು.

ಚಲನಚಿತ್ರ ಬಂದ ಮೇಲೂ ಈ ಅಗತ್ಯ ತೀರಲಿಲ್ಲ. ಗುರುಶಿಷ್ಯರಿಬ್ಬರ ಅಭ್ಯಾಸವನ್ನು 1938ರಲ್ಲಿ ಸೆರೆಹಿಡಿದ ಮೂಕಚಿತ್ರ ಇಂದು ಮೊಬೈಲಿನಲ್ಲೂ ನೋಡಸಿಗುತ್ತದೆ. ಅದರಲ್ಲಿ ಚಲನೆ ಕಾಣುತ್ತದೆಯೇ ಹೊರತು ಉಸಿರಿನ ಲೆಕ್ಕ ತಿಳಿಯುವುದಿಲ್ಲ. ಸಾಮಾಜಿಕ ಜಾಲತಾಣಗಳ ಯೋಗದ ವಿಡಿಯೊಗಳಿಗೂ ಕೀಲುಗಳನ್ನು ಸಡಿಲಗೊಳಿಸುವ ವ್ಯಾಯಾಮಗಳ ವಿಡಿಯೊಗಳಿಗೂ ಇದೇ ಮಿತಿಯಿದೆ. ಕಣ್ಣಿಗೆ ಕಾಣುವುದನ್ನೇ ಹೊಗಳಿ ಮುಗಿಸುವ ಅಡಿಬರಹಕ್ಕಿಂತ, ಉಸಿರು ಎಲ್ಲಿ, ಎಷ್ಟು ಹೊತ್ತು, ಯಾರು ಮಾಡಬಾರದು ಎಂಬುದನ್ನು ಎರಡು ಸಾಲಿನಲ್ಲಿ ಹೇಳುವ ಅಡಿಬರಹವೇ ನೋಡುಗರಿಗೆ ಉಪಕಾರಿ. ವಿಡಿಯೊ ಹಾಕುವವರು ಆ ಎರಡು ಸಾಲನ್ನು ಬಿಡದೆ ಬರೆಯಬೇಕು.