ಮುಂದಿನ ಸಿಐಡಿ

ಸಿಐಡಿ ಎಂಬುದು ಕನ್ನಡಕ್ಕೆ ಇಲಾಖೆಯ ಹೆಸರಾಗಿ ಬಂದು ಮನುಷ್ಯನ ಹೆಸರಾಗಿ ನಿಂತ ಪದ. 1902-03ರ ಪೊಲೀಸ್ ಆಯೋಗದ ಶಿಫಾರಸಿನ ಮೇಲೆ ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳಲ್ಲಿ ಅಪರಾಧ ತನಿಖೆಗೆಂದು ಪ್ರತ್ಯೇಕ ವಿಭಾಗಗಳು ಹುಟ್ಟಿಕೊಂಡವು. ಅವುಗಳ ಇಂಗ್ಲಿಷ್ ಹೆಸರಿನ ಮೂರು ಮೊದಲಕ್ಷರಗಳೇ ಸಿಐಡಿ. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಮಫ್ತಿಯಲ್ಲಿ ಬಂದು ಸಭೆಯ ಅಂಚಿನಲ್ಲಿ ನಿಂತು ಭಾಷಣ ಬರೆದುಕೊಳ್ಳುವವನಿಗೆ ಜನ ಇದೇ ಹೆಸರಿಟ್ಟರು. ಇಲಾಖೆ ಯಾರ ಕಣ್ಣಿಗೂ ಬೀಳಲಿಲ್ಲ, ಬಿದ್ದವನು ಆ ಮನುಷ್ಯ. ಹಾಗಾಗಿ ಪದವೂ ಅವನಿಗೇ ಅಂಟಿತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯ ಆಡುಮಾತಿನಲ್ಲಿ ಈ ಪದಕ್ಕೆ ಕನ್ನಡದ ನಾಮಪದಕ್ಕಿರುವ ಸಲಿಗೆಯೆಲ್ಲ ಇದೆ. ‘ಸಿಐಡಿ ಬಂದಿದ್ದ’, ‘ಸಿಐಡಿಯೋರು ಬಂದಿದ್ರು’ ಎಂಬಲ್ಲಿ ಗೌರವದ ಏರಿಳಿತವಿದೆ. ‘ಅವನು ಸಿಐಡಿ ಬಿಟ್ಟವ್ನೆ’ ಎಂದರೆ ಗುಟ್ಟಾಗಿ ಆಳಿಟ್ಟು ಸುದ್ದಿ ತರಿಸಿಕೊಳ್ಳುತ್ತಿದ್ದಾನೆ ಎಂದರ್ಥ. ರಾತ್ರಿ ತೋಟದಲ್ಲಿ ಬಿದ್ದ ಕಾಯಿ ಬೆಳಗಾಗುವುದರೊಳಗೆ ಮಾಯವಾದರೆ ಬೇಲಿ ಸರಿದ ಕಡೆ, ಕಾಯಿ ಸುಲಿದು ಮಟ್ಟೆ ಬಿಸಾಕಿದ ಜಾಗ, ಗಾಡಿಯ ಗಾಲಿಗುರುತು ನೋಡಿಕೊಂಡು ಬಂದು ಇಂಥವರೇ ಎಂದು ಹೇಳಬಲ್ಲ ಮುದುಕಿಗೂ ಅದೇ ಬಿರುದು: ‘ನಮ್ಮಜ್ಜಿ ಸಿಐಡಿ ಕಣೋ’. ಅಟ್ಟದ ಮೇಲಿನ ಕೊಬ್ಬರಿ ಕಾಯಿ ಎಷ್ಟಿದೆ ಎಂದು ಸುತ್ತಿ ಬಳಸಿ ವಿಚಾರಿಸುವ ನೆಂಟನಿಗೂ ಇದೇ ಪದ, ಆದರೆ ದನಿ ಬೇರೆ. ಮೆಚ್ಚುಗೆ ಮತ್ತು ಅನುಮಾನ ಎರಡನ್ನೂ ಒಂದೇ ಪದ ಹೊರುವುದು ಸುಲಭವಲ್ಲ. ಬೇಹುಗಾರ, ಗೂಢಚಾರ ಎಂಬ ಹಳೆಯ ಪದಗಳಲ್ಲಿ ಅನುಮಾನವೇ ಹೆಚ್ಚು. ಅವು ಪುಸ್ತಕದಲ್ಲೂ ಪತ್ರಿಕೆಯಲ್ಲೂ ಉಳಿದವು. ಪತ್ತೇದಾರ ಎಂಬುದನ್ನು ಮನೆಮನೆಗೆ ಒಯ್ದವರು ಎನ್. ನರಸಿಂಹಯ್ಯ. ಅವರ ಪುರುಷೋತ್ತಮ, ಮಧುಸೂದನ, ಅರಿಂಜಯರನ್ನು ಓದಿ ಕನ್ನಡ ಓದುವ ರೂಢಿ ಬೆಳೆಸಿಕೊಂಡವರು ಅಸಂಖ್ಯರು. ಆದರೂ ಪತ್ತೇದಾರ ಕಾದಂಬರಿಯ ಹಾಳೆ ಬಿಟ್ಟು ಬೀದಿಗೆ ಹೆಚ್ಚು ಇಳಿಯಲಿಲ್ಲ.

ಸಿಐಡಿಗೆ ಮೆಚ್ಚುಗೆಯ ಅರ್ಥ ತುಂಬಿದ್ದರಲ್ಲಿ ಸಿನಿಮಾದ ಪಾಲು ದೊಡ್ಡದು. ದೇವಾನಂದ್ ನಟಿಸಿದ ಹಿಂದಿಯ ‘ಸಿ.ಐ.ಡಿ.’ 1956ರಲ್ಲೇ ಬಂದಿತ್ತು. ಕನ್ನಡದಲ್ಲಿ ಆ ಕೆಲಸ ಮಾಡಿದ್ದು ದೊರೈ-ಭಗವಾನ್ ಜೋಡಿ. 1962ರ ‘ಡಾಕ್ಟರ್ ನೋ’ದಿಂದ ಹೊರಟ ಜೇಮ್ಸ್ ಬಾಂಡ್ ಚಿತ್ರಗಳ ಮಾದರಿಯಲ್ಲಿ ಅವರು ರಾಜ್‌ಕುಮಾರ್ ಅವರನ್ನು ಸಿಐಡಿ 999 ಪ್ರಕಾಶ್ ಆಗಿ ನಿಲ್ಲಿಸಿದರು. ಮೊದಲು ‘ಜೇಡರ ಬಲೆ’, ಅದೇ 1968ರಲ್ಲಿ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಬಹಳ ತಡವಾಗಿ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಪುರಾಣದ, ಇತಿಹಾಸದ ಪಾತ್ರಗಳಲ್ಲಿ ಕಂಡಿದ್ದ ನಟ ಕೋಟು ತೊಟ್ಟು ಪಿಸ್ತೂಲು ಹಿಡಿದದ್ದನ್ನು ಪ್ರೇಕ್ಷಕರು ಮನಸಾರೆ ಒಪ್ಪಿಕೊಂಡರು. ನಿಜದ ಸಿಐಡಿ ಪರದೇಶದ ಗೂಢಚಾರರ ಬೆನ್ನುಹತ್ತುವ ಸಂಸ್ಥೆಯಲ್ಲ. ಹೊರದೇಶದ ಬೇಹುಗಾರಿಕೆಗೆಂದು ‘ರಾ’ ಸಂಸ್ಥೆ ಹುಟ್ಟಿದ್ದೇ 1968ರ ಸೆಪ್ಟೆಂಬರ್‌ನಲ್ಲಿ. ಅದರ ಹೆಸರು ಆಗ ಯಾರ ಬಾಯಲ್ಲೂ ಇರಲಿಲ್ಲ. ಜನಕ್ಕೆ ಗೊತ್ತಿದ್ದ ಪದವನ್ನೇ ಸಿನಿಮಾ ಹಿಗ್ಗಿಸಿಕೊಂಡಿತು, ಮತ್ತು ಅದು ಸರಿಯಾದ ಆಯ್ಕೆಯೇ ಆಗಿತ್ತು.

ತಿಪಟೂರಿಗೆ ಈ ಚಿತ್ರಗಳ ಜೊತೆ ರಕ್ತಸಂಬಂಧವೇ ಇದೆ. ‘ಜೇಡರ ಬಲೆ’ಯಲ್ಲೂ ಗೋವಾದ ಚಿತ್ರದಲ್ಲೂ ನಗಿಸಿದ ಟಿ.ಆರ್. ನರಸಿಂಹರಾಜು 1923ರಲ್ಲಿ ಹುಟ್ಟಿದ್ದು ತಿಪಟೂರಿನಲ್ಲಿ. 1954ರ ‘ಬೇಡರ ಕಣ್ಣಪ್ಪ’ದಿಂದಲೇ ರಾಜ್‌ಕುಮಾರ್ ಜೊತೆಗಿದ್ದವರು. ಊರಿನವರ ಪಾಲಿಗೆ ಪರದೆಯ ಮೇಲೆ ಒಬ್ಬ ದೊಡ್ಡ ನಾಯಕ, ಪಕ್ಕದಲ್ಲಿ ನಮ್ಮವನು.

ಒಂದು ಚಿತ್ರ ನೋಡಿದವರು ‘ಮುಂದಿನ ಸಿಐಡಿ’ ಚಿತ್ರ ಹೇಗಿರುತ್ತದೋ ಎಂದು ಊಹಿಸುತ್ತಿದ್ದರು. ಈ ಸೀಮೆಯಲ್ಲಿ ಆ ಊಹೆ ಹುಟ್ಟುತ್ತಿದ್ದುದಕ್ಕೆ ಆಗಿನ ಸಿನಿಮಾ ಹಂಚಿಕೆಯೇ ಕಾರಣ. ಹೊಸ ಚಿತ್ರದ ಪ್ರಿಂಟು ಮೊದಲು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಓಡಿ, ಅಲ್ಲಿ ಹಳತಾದ ಮೇಲೆ ಸಣ್ಣ ಪಟ್ಟಣಗಳಿಗೆ, ಕೊನೆಗೆ ಹಳ್ಳಿಯ ಟೆಂಟುಗಳಿಗೆ ಬರುತ್ತಿತ್ತು. ತಿಪಟೂರು ಬೆಂಗಳೂರು-ಅರಸೀಕೆರೆ ರೈಲುಹಾದಿಯ ಮೇಲಿದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪಟ್ಟಣಗಳಿಗೆ ಬಸ್ಸೇ ಗತಿ. ಕೊಬ್ಬರಿ ಮಾರಲು ತಿಪಟೂರಿನ ಮಾರುಕಟ್ಟೆಗೆ ಹೋದವರು ಸರಕಿನ ಹಣದ ಜೊತೆ ಸಿನಿಮಾ ಸುದ್ದಿಯನ್ನೂ ಊರಿಗೆ ತರುತ್ತಿದ್ದರು. ಒಂದೇ ವರ್ಷ ಎರಡು ಚಿತ್ರ ಬಂದದ್ದರಿಂದ, ಟೆಂಟಿನಲ್ಲಿ ಮೊದಲನೆಯದು ನೋಡುವ ಹೊತ್ತಿಗೆ ಬೆಂಗಳೂರಿನಲ್ಲಿ ಎರಡನೆಯದು ಮುಗಿದಿರುವುದೂ ಸಾಧ್ಯವಿತ್ತು. ನೆಲದ ಮೇಲೆ ಕೂತ ಪ್ರೇಕ್ಷಕ ಊಹಿಸುತ್ತಿದ್ದ ಕಥೆ ಬೇರೆಲ್ಲೋ ಆಗಲೇ ಬಯಲಾಗಿರುತ್ತಿತ್ತು. ಅದು ತಿಳಿಯದೆ ಇದ್ದದ್ದರಿಂದಲೇ ಊಹೆಗೆ ಜೀವ.

ಊಹೆಗೆ ಇನ್ನೊಂದು ಆಧಾರ ಸಿನಿಮಾ ಹಾಡಿನ ಪುಸ್ತಕ. ತೆಳ್ಳನೆಯ ಕಾಗದ, ಒಂದು ಬಣ್ಣದ ರಟ್ಟು, ಒಳಗೆ ತಾರಾಗಣ, ಹಾಡುಗಳು, ಅರ್ಧ ಪುಟದ ಕಥಾಸಾರಾಂಶ. ಆ ಸಾರಾಂಶ ಅಪಾಯ ಹತ್ತಿರವಾಗುತ್ತಿದ್ದಂತೆಯೇ ನಿಂತು, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿರಿ ಎಂಬ ಮಾತಿನಲ್ಲಿ ಮುಗಿಯುತ್ತಿತ್ತು. ಪತ್ತೇದಾರಿ ಚಿತ್ರಕ್ಕೆ ಇದು ಹೇಳಿ ಮಾಡಿಸಿದ ಜಾಗ. ಸಂಸಾರದ ಕಥೆಯಾದರೆ ಕೊನೆ ಹೇಗೂ ಗೊತ್ತು. ಸಿಐಡಿ ಕಥೆಯಲ್ಲಿ ಕಳ್ಳ ಯಾರೆಂದು ಪುಸ್ತಕ ಹಿಡಿದವರು ಪುಸ್ತಕ ಇಲ್ಲದವರ ಜೊತೆ ವಾದಿಸಬಹುದಿತ್ತು.

ಚಿತ್ರದ ಹೆಸರುಗಳೂ ಊಹೆಗೆ ದಾರಿ ಮಾಡಿಕೊಟ್ಟವು. ‘ಜೇಡರ ಬಲೆ’ ಎಂಬುದು ಖಳರ ಕಡೆಯ ಹೆಸರು, ಅದರಲ್ಲಿ ಸಿಐಡಿ ಎಂಬ ಪದವೇ ಇಲ್ಲ. ಎರಡನೆಯದರಲ್ಲಿ ಪದವೂ ಸಂಖ್ಯೆಯೂ ಒಟ್ಟಿಗೆ ಬಂದವು, ಜೊತೆಗೆ ಸಪ್ತಮಿ ವಿಭಕ್ತಿ: ಗೋವಾದಲ್ಲಿ. ಪೋರ್ಚುಗೀಸರ ಕೈಯಿಂದ ಗೋವಾ ಬಿಡುಗಡೆಯಾದದ್ದು 1961ರ ಡಿಸೆಂಬರ್‌ನಲ್ಲಿ. 1968ರ ಕನ್ನಡಿಗನಿಗೆ ಅದು ಹತ್ತಿರವೂ ಹೌದು, ಪರದೇಶದ ಗಾಳಿ ಇನ್ನೂ ಆರದ ನೆಲವೂ ಹೌದು. ಒಮ್ಮೆ ‘ಗೋವಾದಲ್ಲಿ’ ಎಂದ ಮೇಲೆ ಮುಂದಿನ ಪ್ರಶ್ನೆ ತಾನಾಗಿ ‘ಇನ್ನೆಲ್ಲಿ?’ ಎಂದಾಗುತ್ತದೆ. ಯಾವ ಊರಿನ ಹೆಸರಿಗಾದರೂ ಅದೇ ಪ್ರತ್ಯಯ ಹಚ್ಚಿ ಹೊಸ ಚಿತ್ರ ಕಲ್ಪಿಸಿಕೊಳ್ಳಬಹುದು. ಮೂರನೆಯ ಚಿತ್ರ ಊರಿನ ಬದಲು ಕಾರ್ಯಾಚರಣೆಗೆ ಆ ಪ್ರತ್ಯಯ ಹಚ್ಚಿತು. ಗೋವಾದ ಚಿತ್ರದಿಂದ ನಟಿ ಲಕ್ಷ್ಮಿ ಕನ್ನಡಕ್ಕೆ ಬಂದಿದ್ದರು. ಮೂರನೆಯದರಲ್ಲಿ ರೇಖಾ ಮೊದಲ ಬಾರಿಗೆ ನಾಯಕಿಯಾದರು. ಹಾಗಾಗಿ ಮುಂದಿನ ನಾಯಕಿ ಯಾರು ಎಂಬುದೂ ಊಹೆಯೊಳಗೆ ಸೇರಿಕೊಂಡಿತು.

ಆಮೇಲೆ ಒಂಬತ್ತು ವರ್ಷ ಖಾಲಿ. ನಡುವೆ 1970ರಲ್ಲಿ ರಾಜ್‌ಕುಮಾರ್ ‘ಸಿ.ಐ.ಡಿ. ರಾಜಣ್ಣ’ನಾದರು, ಆದರೆ ಅದು 999ರ ಸರಣಿಯದಲ್ಲ. 1978ರ ನಾಲ್ಕನೆಯ ಚಿತ್ರದ ಹೆಸರಿನಿಂದ ಸಿಐಡಿ ಎಂಬ ಪದ ಮತ್ತೆ ಮರೆಯಾಯಿತು. ರಾಜ್‌ಕುಮಾರ್ ಬಂದೂಕು ಹಿಡಿದಿದ್ದಾರೆಂದರೆ ಯಾರೆಂದು ಹೇಳುವ ಅಗತ್ಯ ಆ ಹೊತ್ತಿಗೆ ಉಳಿದಿರಲಿಲ್ಲ. ಆ ಚಿತ್ರದಲ್ಲಿ ಅವರು ಒಂದು ಇಂಗ್ಲಿಷ್ ಹಾಡು ಹಾಡಿದರು. ಚಿತ್ರ ನೋಡದ ತಲೆಮಾರಿನ ಬಾಯಲ್ಲೂ ಅದು ಇಂದಿಗೂ ಇದೆ. ಐದನೆಯ ಚಿತ್ರ ಬರಲಿಲ್ಲ. ರಾಜ್‌ಕುಮಾರ್ ಅವರ ಕೊನೆಯ ಚಿತ್ರ, 2000ದ ‘ಶಬ್ದವೇಧಿ’ಯಲ್ಲಿ ಅವರು ಪೊಲೀಸ್ ಅಧಿಕಾರಿ, ಸಿಐಡಿ 999 ಅಲ್ಲ. ದೊರೈರಾಜ್ ಅದೇ ವರ್ಷ, ರಾಜ್‌ಕುಮಾರ್ 2006ರಲ್ಲಿ, ಭಗವಾನ್ 2023ರಲ್ಲಿ ತೀರಿಕೊಂಡರು.

ಬಾಂಡ್ ಅಭಿಮಾನಿಗಳ ಲೆಕ್ಕಾಚಾರ ಬೇರೆ ಬಗೆಯದು. ಮೂಲ ಸರಣಿಯಲ್ಲಿ ಆರು ನಟರು ಆ ಪಾತ್ರ ಮಾಡಿದ್ದಾರೆ. 2021ರಲ್ಲಿ ಡೇನಿಯಲ್ ಕ್ರೇಗ್ ಮುಗಿಸಿದ ಮೇಲೆ, 2025ರಲ್ಲಿ ಡೆನಿ ವಿಲ್‌ನವ್ ನಿರ್ದೇಶಕರೆಂದು ಪ್ರಕಟವಾದ ಮೇಲೂ, ಅವರ ಮುಖ್ಯ ಪ್ರಶ್ನೆ ‘ಯಾರು?’ ಎಂಬುದೇ. ಕನ್ನಡದ 999ಕ್ಕೆ ಒಬ್ಬನೇ ಪ್ರಕಾಶ್. ‘ಯಾರು’ ಎಂಬ ಪ್ರಶ್ನೆ ಆ ಸರಣಿಯ ಹತ್ತು ವರ್ಷಗಳಲ್ಲಿ ಏಳಲೇ ಇಲ್ಲ, ಏಳುವಂತಾಗಿದ್ದು ಈಗ.

ಇಂದು ಯಾರಾದರೂ ಐದನೆಯದನ್ನು ಮಾಡಹೊರಟರೆ ಪದದ ಕಡೆಯಿಂದಲೂ ತೊಡಕಿದೆ. ಕರ್ನಾಟಕ ಪೊಲೀಸಿನ ತನಿಖಾ ವಿಭಾಗ ದೀರ್ಘಕಾಲ ಸಿಓಡಿ ಎಂದೇ ಕರೆಸಿಕೊಂಡು ಪತ್ರಿಕೆಗಳ ತುಂಬ ‘ಸಿಓಡಿ ತನಿಖೆ’ಯಾಗಿತ್ತು, ಆಮೇಲೆ ಸಿಐಡಿ ಆಯಿತು. 1998ರಿಂದ ಎರಡು ದಶಕ ಓಡಿದ ಹಿಂದಿ ಧಾರಾವಾಹಿ ಮಕ್ಕಳಿಗೆ ಈ ಪದವನ್ನು ಎ.ಸಿ.ಪಿ. ಪ್ರದ್ಯುಮ್ನರ ಪದವಾಗಿ ಕಲಿಸಿತು. ಬರೀ ಸಿಐಡಿ ಎಂದರೆ ಹದಿನಾರರ ಹುಡುಗನಿಗೆ ಆ ಧಾರಾವಾಹಿಯ ತಂಡ, ಅವನ ತಂದೆಗೆ ಯಾವುದೋ ಹಗರಣದ ತನಿಖೆ, ಅಜ್ಜನಿಗೆ ರಾಜ್‌ಕುಮಾರ್. ಮೂವರಿಗೂ ಒಂದೇ ಮುಖ ನೆನಪಾಗಬೇಕಾದರೆ ಹೆಸರಿನಲ್ಲಿ 999 ಇರಲೇಬೇಕು. ಗೋವಾದ ಚಿತ್ರಕ್ಕೆ ಹೆಸರಿಟ್ಟಾಗ ದೊರೈ-ಭಗವಾನ್ ಮಾಡಿದ್ದೂ ಅದನ್ನೇ.