ಗಣಿಯಿಂದ ಬೆಟ್ಟಕ್ಕೆ ಬಂದ ತಲೆದೀಪ

ಒಮ್ಮೆ ಪಾಂಡವಪುರದ ಕುಂತಿಬೆಟ್ಟದಿಂದ ವಿದ್ಯಾರ್ಥಿಗಳೊಡನೆ ಇಳಿಯುವಾಗ ಕತ್ತಲಾಯಿತು. ನಮ್ಮಲ್ಲಿದ್ದುದು ಎರಡೇ ಟಾರ್ಚು. ಬಂಡೆ ಹಿಡಿಯಲು ಎರಡೂ ಕೈ ಬೇಕಾದೆಡೆ ಒಬ್ಬ ಹುಡುಗ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಅದು ಜಾರಿ ಕೆಳಗೆ ಬಿತ್ತು. ಅವನು ಬೀಳಲಿಲ್ಲ, ನಮ್ಮ ಪುಣ್ಯ.

ತಲೆಗೆ ದೀಪ ಬೇಕೆಂದು ಮೊದಲು ಕಂಡುಕೊಂಡವರು ಬೆಟ್ಟ ಹತ್ತುವವರಲ್ಲ, ಗಣಿಗೆ ಇಳಿಯುವವರು. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ ಹೊರಡುತ್ತದೆ. ಅದನ್ನು ಉರಿಸುವ ಪುಟ್ಟ ದೀಪವನ್ನು 20ನೆಯ ಶತಮಾನದ ಆರಂಭದಲ್ಲಿ ಗಣಿ ಕಾರ್ಮಿಕರು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಆದರೆ ಕಲ್ಲಿದ್ದಲ ಗಣಿಯಲ್ಲಿ ಮೀಥೇನ್ ಇರುತ್ತದೆ. ಅಲ್ಲಿ ತೆರೆದ ಜ್ವಾಲೆ ಅಪಾಯಕಾರಿ. 1915ರ ಹೊತ್ತಿಗೆ ಎಡಿಸನ್ನನ ವಿದ್ಯುತ್ ದೀಪ ಬಂತು: ಸೊಂಟದಲ್ಲಿ ಬ್ಯಾಟರಿ, ಟೋಪಿಯಲ್ಲಿ ಬಲ್ಬು, ನಡುವೆ ತಂತಿ. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ವಿದ್ಯುತ್ ಹರಿದಿತ್ತು. ಆದರೆ ಸುರಂಗದ ತುದಿಯಲ್ಲಿ ಕಲ್ಲು ಒಡೆಯುವವನೊಡನೆ ಬೆಳಕೂ ನಡೆದು ಬರಬೇಕಲ್ಲವೆ?

ಹಿಮಶಿಖರಗಳಲ್ಲಿ ಹಿಮ ಗಟ್ಟಿಯಾಗಿರುವ ನಡುರಾತ್ರಿಯಲ್ಲೇ ಹೊರಡಬೇಕು. ಹೀಗಾಗಿ ಪರ್ವತಾರೋಹಿಗಳಿಗೂ ಇಂಥ ದೀಪವೇ ಬೇಕಾಯಿತು. 1981ರಲ್ಲಿ ಫ್ರಾನ್ಸಿನ ಪೆಟ್ಜಲ್ ಸಂಸ್ಥೆಯ 'ಜೂಮ್' ದೀಪದಲ್ಲಿ ಬ್ಯಾಟರಿ ಸೊಂಟದಿಂದ ತಲೆಯ ಹಿಂಭಾಗಕ್ಕೇರಿತು. (ಬ್ರಿಟಿಷರ ಕಾಲದಲ್ಲಿ ಪಾಂಡವಪುರದ ಹೆಸರು 'ಫ್ರೆಂಚ್ ರಾಕ್ಸ್'. ನಂಟು ಅಷ್ಟೇ!) ಆದರೂ ತಂತುವಿನ ಬಲ್ಬು ಶಕ್ತಿಯ ಬಹುಪಾಲನ್ನು ಶಾಖವಾಗಿ ಕಳೆಯುತ್ತಿತ್ತು. 1993ರಲ್ಲಿ ನಕಮುರ ಪ್ರಖರ ನೀಲಿ ಎಲ್‌ಇಡಿ ತಯಾರಿಸಿದ ಮೇಲೆ ಬಿಳಿ ಎಲ್‌ಇಡಿ ಸಾಧ್ಯವಾಯಿತು. 2000ದಲ್ಲಿ ಅದೇ ಸಂಸ್ಥೆಯ 'ಟಿಕ್ಕಾ' ಎಲ್‌ಇಡಿಯೊಂದಿಗೆ ಬಂತು. ನೀಲಿ ಎಲ್‌ಇಡಿಗೆ 2014ರ ನೊಬೆಲ್ ದೊರೆತಾಗ ನನಗೆ ನೆನಪಾದದ್ದು ಹಲ್ಲಿನಿಂದ ಜಾರಿದ ಆ ಟಾರ್ಚು.

ಈಗ ಪೊಟ್ಟಣದ ಮೇಲೆ '100 ಮೀಟರ್' ಎಂದಿರುತ್ತದೆ. 2009ರ ಅಮೆರಿಕನ್ ಮಾನಕದ ಪ್ರಕಾರ ಇದು ಬೆಳಕು 0.25 ಲಕ್ಸ್‌ಗೆ, ಅಂದರೆ ಸುಮಾರು ಹುಣ್ಣಿಮೆಯ ಬೆಳದಿಂಗಳ ಮಟ್ಟಕ್ಕೆ, ಇಳಿಯುವ ದೂರ. ವಿಲೋಮ ವರ್ಗ ನಿಯಮ ಬಳಸಿ: ದೀಪ್ತಿ ತೀವ್ರತೆ 0.25 × 100² = 2500 ಕ್ಯಾಂಡೆಲ. 50 ಮೀಟರಿನ ದೀಪಕ್ಕೆ 625 ಸಾಕು. ದುಪ್ಪಟ್ಟು ದೂರಕ್ಕೆ ನಾಲ್ಕು ಪಟ್ಟು ತೀವ್ರತೆ! ಕುಂತಿಬೆಟ್ಟದಂಥ ಕಡೆ ಕಾಲಿಡುವ ಬಂಡೆ ಕಂಡರಾಯಿತು, 50 ಮೀಟರಿನದು ಧಾರಾಳ. 'ಇಷ್ಟು ಗಂಟೆ' ಎಂಬುದನ್ನೂ ಹುಷಾರಾಗಿ ಓದಿ. ಬೆಳಕು ಆರಂಭದ ಶೇ. 10ಕ್ಕೆ ಇಳಿಯುವವರೆಗಿನ ಅವಧಿ ಅದು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಆದ್ದರಿಂದ ಜೊತೆಯವರೊಡನೆ ಮಾತಾಡುವಾಗ ದೀಪವನ್ನು ನೆಲಕ್ಕೆ ಬಾಗಿಸಿ.